ಸೈರಂಧ್ರಿ ನಡೆದ ದಾರಿ

ಮಳೆ ಹಿಂದೆಗೆದು ಪೈರು ಬಾಡತೊಡಗಿದಾಗ ವಿರಾಟಪರ್ವವನ್ನು ಓದಿಸುವ ರೂಢಿ ನಮ್ಮ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದಿದೆ. ಕುಮಾರವ್ಯಾಸಭಾರತದ ಆ ಭಾಗವನ್ನು ಗಮಕಿಗಳು ವಾಚನ ಮಾಡುವುದನ್ನು ಕೇಳಿದವರು ಶ್ರೋತೃಗಳಲ್ಲಿ ಅನೇಕರಿರಬೇಕು. ಕೀಚಕವಧೆಯ ಪ್ರಸಂಗ ಬಂತೆಂದರೆ ಅದುವರೆಗೆ ಕಂಬಕ್ಕೆ ಒರಗಿ ತೂಕಡಿಸುತ್ತಿದ್ದವರೂ ನೆಟ್ಟಗೆ ಕುಳಿತುಕೊಳ್ಳುತ್ತಾರೆ. ಭೀಮನ ರೋಷ ಅಂಥದು. ಆದರೆ ನಾನು ಈ ಹೊತ್ತು ತಮ್ಮ ಗಮನವನ್ನು ಸೆಳೆಯಬಯಸುವುದು ವಧೆಯ ಕಡೆಗಲ್ಲ. ಅದಕ್ಕೆ ಮುಂಚಿನ ಒಂದು ಸಣ್ಣ ನಡಿಗೆಯ ಕಡೆಗೆ. ರಾಣಿ ಸುದೇಷ್ಣೆ ಸೈರಂಧ್ರಿಯ ಕೈಗೆ ಪಾತ್ರೆಯನ್ನು ಕೊಟ್ಟು, ಸೋದರನಾದ ಕೀಚಕನ ಮನೆಯಿಂದ ಮದ್ಯವನ್ನು ತರುವಂತೆ ಹೇಳುತ್ತಾಳೆ. ಸೈರಂಧ್ರಿ ಒಲ್ಲೆನೆನ್ನುತ್ತಾಳೆ, ಬೇರೆ ಯಾರನ್ನಾದರೂ ಕಳುಹಿಸಬಾರದೆ ಎಂದು ಬೇಡಿಕೊಳ್ಳುತ್ತಾಳೆ. ಕೊನೆಗೆ ಹೋಗಲೇಬೇಕಾಗುತ್ತದೆ. ಅರಮನೆಯಿಂದ ಕೀಚಕನ ಮನೆಗೆ ಬಹಳ ದೂರವಿದ್ದಿರಲಾರದು. ಆಶ್ರಯವನ್ನು ಅರಸಿ ಬಂದ ಹೆಣ್ಣಿನ ಸಂಕಟವೆಲ್ಲ ಆ ಸ್ವಲ್ಪ ದೂರದಲ್ಲಿಯೇ ಅಡಗಿದೆ.

ದ್ರೌಪದಿಗೆ ಆಗ ತನ್ನದೆಂಬ ಹೆಸರಿಲ್ಲ. ಗುರುತನ್ನು ಹೇಳಿದಳೆಂದರೆ ಮತ್ತೆ ಹನ್ನೆರಡು ವರ್ಷದ ವನವಾಸ. ಆದುದರಿಂದ ಅವಳು ತನಗಾದ ಅನ್ಯಾಯವನ್ನು ಹೇಳಬಹುದೇ ಹೊರತು ತಾನು ಯಾರೆಂದು ಹೇಳುವಂತಿಲ್ಲ. ತಾನು ಯಾರೆಂದು ಹೇಳದವಳ ಮಾತಿಗೆ ಸಭೆಯಲ್ಲಿ ತೂಕವಿಲ್ಲ. ಅಟ್ಟಿಸಿಕೊಂಡು ಬಂದ ಕೀಚಕ ತುಂಬಿದ ಸಭೆಯಲ್ಲಿಯೇ ಅವಳನ್ನು ಒದೆಯುತ್ತಾನೆ. ನಮ್ಮ ಕಣ್ಮರೆಯಲ್ಲಿ ನಡೆದ ಜಗಳ ನಮಗೆ ಹೇಗೆ ಗೊತ್ತಾಗಬೇಕು ಎನ್ನುತ್ತಾನೆ ವ್ಯಾಸಭಾರತದ ವಿರಾಟರಾಜ. ಕೀಚಕನೂ ಅವನ ತಮ್ಮಂದಿರೂ ಸತ್ತ ಮೇಲೆ ಆಗುವುದೇನು? ಈ ಹೆಂಗಸಿನಿಂದ ಊರಿಗೆ ಭಯ, ಇವಳು ಬೇರೆ ಎಲ್ಲಿಗಾದರೂ ಹೋಗಲಿ ಎಂದು ರಾಜ ರಾಣಿಯ ಮೂಲಕ ಹೇಳಿಸುತ್ತಾನೆ. ಇನ್ನು ಹದಿಮೂರು ದಿನ ತಾಳಿಕೊಳ್ಳಿ ಎಂದು ಅವಳು ಕೇಳಬೇಕಾಗುತ್ತದೆ. ತಪ್ಪು ಮಾಡಿದವನದು, ಊರು ಬಿಡಬೇಕಾದವಳು ಅವಳು. ಇಂದಿನ ಯಾವ ನಿರಾಶ್ರಿತರ ಶಿಬಿರದ ವರದಿಯನ್ನು ತೆರೆದು ನೋಡಿದರೂ ಈ ಕ್ರಮ ಹೆಚ್ಚು ಬದಲಾದಂತೆ ಕಾಣುವುದಿಲ್ಲ.

ಮಹಾಭಾರತದಲ್ಲಿಯೇ ಇನ್ನೊಂದು ಕಥೆಯಿದೆ. ನಳನು ಕಾಡಿನಲ್ಲಿ ತೊರೆದುಹೋದ ಮೇಲೆ ದಮಯಂತಿ ಚೇದಿರಾಜ್ಯವನ್ನು ಸೇರುತ್ತಾಳೆ. ಮೈಮೇಲೆ ಅರ್ಧ ಸೀರೆ, ಕೆದರಿದ ಕೂದಲು. ಬೀದಿಯ ಹುಡುಗರು ಹುಚ್ಚಿಯೆಂದು ಹಿಂದೆ ಬೀಳುತ್ತಾರೆ. ಉಪ್ಪರಿಗೆಯಿಂದ ಕಂಡ ರಾಜಮಾತೆ ದಾದಿಯನ್ನು ಕಳುಹಿಸಿ ಅವಳನ್ನು ಒಳಗೆ ಕರೆಸಿಕೊಳ್ಳುತ್ತಾಳೆ. ಇಲ್ಲಿ ಇರು ಎಂದಾಗ ದಮಯಂತಿ ಕೂಡಲೆ ಒಪ್ಪುವುದಿಲ್ಲ. ಮೊದಲು ಕರಾರುಗಳನ್ನು ಹೇಳುತ್ತಾಳೆ. ಎಂಜಲನ್ನು ಉಣ್ಣಲಾರೆ, ಕಾಲು ತೊಳೆಯಲಾರೆ, ಪರಪುರುಷರೊಡನೆ ಮಾತನಾಡಲಾರೆ, ನನ್ನನ್ನು ಬಯಸಿ ಬಂದವನಿಗೆ ಶಿಕ್ಷೆಯಾಗಬೇಕು. ರಾಜಮಾತೆ ಎಲ್ಲವನ್ನೂ ಒಪ್ಪಿ, ಮಗಳು ಸುನಂದೆಯ ಜೊತೆಗಾತಿಯನ್ನಾಗಿ ಇರಿಸಿಕೊಳ್ಳುತ್ತಾಳೆ. ಮಾತಿಗೆ ತಪ್ಪುವುದಿಲ್ಲ. ದ್ರೌಪದಿಯೂ ಸುದೇಷ್ಣೆಯ ಮುಂದೆ ಬಹುಮಟ್ಟಿಗೆ ಇವೇ ಕರಾರುಗಳನ್ನು ಇಟ್ಟಿದ್ದಳು, ಸುದೇಷ್ಣೆಯೂ ಒಪ್ಪಿದ್ದಳು. ಕರಾರು ಎರಡು ಮನೆಗಳಲ್ಲಿಯೂ ಒಂದೇ. ಒಂದು ಮನೆಯಲ್ಲಿ ನಡೆಯಿತು, ಇನ್ನೊಂದರಲ್ಲಿ ನಡೆಯಲಿಲ್ಲ. ಸುದೇಷ್ಣೆ ಕೆಟ್ಟವಳೆಂದು ನಾನು ಹೇಳಲಾರೆ. ಅವಳು ಅನ್ನ ಕೊಟ್ಟಳು, ಬಟ್ಟೆ ಕೊಟ್ಟಳು, ಇರಲು ಜಾಗ ಕೊಟ್ಟಳು. ತನ್ನ ಮನೆಯವನ ಕಡೆಯಿಂದಲೇ ಅಪಾಯ ಬರುತ್ತಿದೆ ಎಂಬುದು ತಿಳಿದಾಗ ಮಾತ್ರ ಮುಖ ತಿರುಗಿಸಿದಳು. ನೆರವು ಕೊಡುವ ಸಂಸ್ಥೆಗಳು ಇಪ್ಪತ್ತನೆಯ ಶತಮಾನದಲ್ಲಿ ಬಹುಕಾಲ ಇದ್ದುದು ಸುದೇಷ್ಣೆಯ ಸ್ಥಿತಿಯಲ್ಲಿಯೇ.

ಇದು ಕಟುವಾದ ಮಾತೆಂದು ತೋರಬಹುದು. ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಯೂ ಬ್ರಿಟನ್ನಿನ 'ಸೇವ್ ದಿ ಚಿಲ್ಡ್ರನ್' ಸಂಸ್ಥೆಯೂ ಸೇರಿ ಪಶ್ಚಿಮ ಆಫ್ರಿಕೆಯ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ದೇಶಗಳ ಶಿಬಿರಗಳಲ್ಲಿ ನಡೆಸಿದ ವಿಚಾರಣೆಯ ವರದಿ 2002ರಲ್ಲಿ ಬಂದಾಗ, ಆಹಾರವನ್ನೂ ಔಷಧವನ್ನೂ ಹಂಚಲೆಂದು ನೇಮಕವಾದವರೇ ಅವನ್ನು ಕೊಡುವುದಕ್ಕೆ ಪ್ರತಿಯಾಗಿ ಹುಡುಗಿಯರ ಶರೀರವನ್ನು ಕೇಳುತ್ತಿದ್ದರೆಂಬ ದೂರುಗಳು ಹೊರಬಂದವು. ಮರುವರ್ಷ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯವರು ತಮ್ಮ ಎಲ್ಲ ನೌಕರರಿಗೂ ಅನ್ವಯಿಸುವ ನಿಷೇಧಾಜ್ಞೆಯನ್ನು ಹೊರಡಿಸಬೇಕಾಯಿತು. ಧಾನ್ಯ ಅಳೆಯುವ ಕೈಗೆ ಅಧಿಕಾರವಿದೆ. ಆ ಕೈಯನ್ನು ಇನ್ನೊಬ್ಬರು ನೋಡುತ್ತಿರಬೇಕು. ಇಷ್ಟು ಸರಳವಾದ ವಿಚಾರ ನಿಯಮವಾಗಿ ಬರೆಯಲ್ಪಡುವುದಕ್ಕೆ 2003ನೆಯ ಇಸವಿಯವರೆಗೆ ಕಾಯಬೇಕಾಯಿತೆಂಬುದು ಆಶ್ಚರ್ಯ.

ಕೀನ್ಯಾ ದೇಶದ ಈಶಾನ್ಯ ಭಾಗದಲ್ಲಿ ದಾದಾಬ್ ಎಂಬ ಊರಿದೆ. 1991ರಿಂದ ಅಲ್ಲಿ ಸೋಮಾಲಿಯಾದ ನಿರಾಶ್ರಿತರ ದೊಡ್ಡ ಶಿಬಿರಗಳಿವೆ. ಶಿಬಿರದಲ್ಲಿ ಜೋಳ ಕೊಟ್ಟರು, ಎಣ್ಣೆ ಕೊಟ್ಟರು. ಜೋಳವನ್ನು ಬೇಯಿಸಲು ಸೌದೆ ಬೇಕಲ್ಲ? ಅದನ್ನು ಹೆಂಗಸರು ಕುರುಚಲು ಕಾಡಿನಲ್ಲಿ ಮೈಲಿಗಟ್ಟಲೆ ನಡೆದು ತರಬೇಕಿತ್ತು. ಆ ಕಾಡಿನಲ್ಲಿ ಅತ್ಯಾಚಾರಿಗಳು ಹೊಂಚಿ ಕಾಯುತ್ತಿದ್ದರು. ಗಂಡಸರನ್ನು ಕಳುಹಿಸಿದರೆ ಕೊಂದುಹಾಕುತ್ತಾರೆ, ನಮ್ಮನ್ನಾದರೆ ಜೀವಸಹಿತ ಬಿಡುತ್ತಾರೆ ಎಂಬ ಭಯಂಕರವಾದ ಲೆಕ್ಕಾಚಾರ ಇಂಥ ಶಿಬಿರಗಳ ಹೆಂಗಸರದು. 1998ರಲ್ಲಿ ಸೌದೆಯನ್ನೇ ಹಂಚುವ ಏರ್ಪಾಡಾಯಿತು. ಸೌದೆಗೆ ಹೋದಾಗ ನಡೆಯುತ್ತಿದ್ದ ಅತ್ಯಾಚಾರಗಳು ಕಡಿಮೆಯಾದವು. ಆದರೆ ಬೇರೆ ಸ್ಥಳಗಳಲ್ಲಿ ಹೆಚ್ಚಿದವು ಎಂದು ಮುಂದೆ ಪರಿಶೀಲಿಸಿದವರು ಕಂಡುಕೊಂಡರು. ಒಂದು ದಾರಿಯನ್ನು ಮುಚ್ಚಿದರೆ ಕೇಡು ಇನ್ನೊಂದು ದಾರಿಯನ್ನು ಹುಡುಕಿಕೊಳ್ಳುತ್ತದೆ. ಹಾಗೆಂದು ಸೌದೆ ಕೊಟ್ಟುದು ವ್ಯರ್ಥವೆನ್ನಲಾಗದು. ಬಾಂಗ್ಲಾದೇಶದ ಕಾಕ್ಸ್ ಬಜಾರಿನಲ್ಲಿ ರೋಹಿಂಗ್ಯಾ ನಿರಾಶ್ರಿತರಿಗೆ 2018ರಿಂದ ಅಡಿಗೆ ಅನಿಲವನ್ನು ಕೊಡತೊಡಗಿದ್ದರ ಹಿಂದೆ, ಬೆಟ್ಟದ ಮರಗಳನ್ನು ಉಳಿಸುವ ಆಶಯದೊಡನೆ, ಈ ಅನುಭವವೂ ಇತ್ತು.

ದೂರದ ಊರುಗಳ ಮಾತು ಸಾಕು. ನಮ್ಮ ನಗರದ ದಕ್ಷಿಣಭಾಗಕ್ಕೆ ಬರೋಣ. ಜಯನಗರಕ್ಕೆ ಅಸ್ತಿಭಾರ ಬಿದ್ದದ್ದು 1948ರಲ್ಲಿ. ಅಂದಿನ ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರ ಕೈಯಿಂದ. ಅದರ ಗುರುತಾಗಿ ಅಶೋಕಸ್ತಂಭ ಈಗಲೂ ನಿಂತಿದೆ. ಇಲ್ಲಿ ಬಯಲನ್ನು ಅಳೆದು ಅಗಲವಾದ ರಸ್ತೆಗಳಿಗೆ ಗೂಟ ಹೊಡೆಯುತ್ತಿದ್ದ ಅದೇ ವರ್ಷ ಉತ್ತರ ಭಾರತದಲ್ಲಿ ಲಕ್ಷಾಂತರ ಕುಟುಂಬಗಳು ಡೇರೆಗಳಲ್ಲಿದ್ದವು. ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1948ರಲ್ಲಿ ಭಾರತೀಯ ಸಹಕಾರ ಒಕ್ಕೂಟವನ್ನು ಸ್ಥಾಪಿಸಿ, ಅವರ ನಡುವೆ ಕೆಲಸಕ್ಕೆ ಇಳಿದರು. ದಿಲ್ಲಿಯ ಸಮೀಪದ ಫರೀದಾಬಾದಿನಲ್ಲಿ ನಿರಾಶ್ರಿತರೇ ತಮ್ಮ ಊರನ್ನು ಕಟ್ಟಿಕೊಂಡ ಪ್ರಯತ್ನದೊಡನೆ ಅವರ ಹೆಸರು ಸೇರಿದೆ. ದಾನ ಪಡೆಯುವ ಸಾಲಿನಲ್ಲಿ ನಿಂತ ಹೆಂಗಸನ್ನು ಕೂಲಿ ಪಡೆಯುವ, ಸಹಕಾರ ಸಂಘದ ಸದಸ್ಯಳಾಗುವ ಹೆಂಗಸನ್ನಾಗಿ ಮಾಡಬೇಕೆಂಬುದು ಅವರ ಹಂಬಲ. ನಮ್ಮ ನಾಡಿನ ಹೆಣ್ಣುಮಗಳೊಬ್ಬಳು ಈ ವಿಚಾರವನ್ನು ಅಷ್ಟು ಹಿಂದೆಯೇ ಹಿಡಿದಿದ್ದಳೆಂಬುದನ್ನು ನಾವು ಕರಕುಶಲ ಕಲೆಗಳ ಮಾತು ಬಂದಾಗ ನೆನೆಯುವಷ್ಟು ಈ ಸಂದರ್ಭದಲ್ಲಿ ನೆನೆಯುವುದಿಲ್ಲ.

ಅದೇ ಕಾಲದಲ್ಲಿ ಸರ್ಕಾರ ಹಿಡಿದ ಇನ್ನೊಂದು ಹಾದಿಯೂ ಇತ್ತು. ವಿಭಜನೆಯ ದಂಗೆಗಳಲ್ಲಿ ಅಪಹೃತರಾದ ಹೆಂಗಸರನ್ನು ಹುಡುಕಿ ತರುವ ಕಾರ್ಯ ಮೃದುಲಾ ಸಾರಾಭಾಯಿಯವರಂಥ ಧೈರ್ಯಶಾಲಿನಿಯರ ನೇತೃತ್ವದಲ್ಲಿ ನಡೆಯಿತು. 1949ರಲ್ಲಿ ಅದಕ್ಕೊಂದು ಕಾನೂನೂ ಆಯಿತು. ಆ ಕಾನೂನಿನಲ್ಲಿ ಅಪಹೃತ ವ್ಯಕ್ತಿಯೆಂದರೆ ಯಾರು? ಹದಿನಾರು ವರ್ಷದೊಳಗಿನ ಗಂಡುಮಗು, ಇಲ್ಲವೆ ಯಾವ ವಯಸ್ಸಿನ ಹೆಂಗಸಾದರೂ ಸರಿ. ಅಂದರೆ ನಲವತ್ತು ವರ್ಷದ ಹೆಂಗಸಿಗೂ ಹತ್ತು ವರ್ಷದ ಹುಡುಗನಿಗೂ ಕಾನೂನಿನ ಕಣ್ಣಲ್ಲಿ ಒಂದೇ ಸ್ಥಾನ: ತನ್ನ ಹಿತವನ್ನು ತಾನು ಅರಿಯಲಾರದ ಸ್ಥಾನ. ಬರಲೊಲ್ಲೆನೆಂದವರನ್ನೂ ಕರೆತಂದರು, ಹುಟ್ಟಿದ ಮಕ್ಕಳಿಂದ ಅಗಲಿಸಿದ ಸಂದರ್ಭಗಳೂ ಉಂಟು. ಕಾನೂನು 1957ರಲ್ಲಿ ಕೊನೆಗೊಂಡಿತು. ಊರ್ವಶಿ ಬುಟಾಲಿಯಾ, ರಿತು ಮೆನನ್, ಕಮಲಾ ಭಾಸಿನ್ ಮೊದಲಾದವರು ಈ ಹೆಂಗಸರ ಮಾತುಗಳನ್ನು ಸಂಗ್ರಹಿಸಿ 1998ರಲ್ಲಿ ಪುಸ್ತಕಗಳನ್ನು ಪ್ರಕಟಿಸುವವರೆಗೆ, ಉದ್ಧಾರವಾದವರು ಉದ್ಧಾರದ ವಿಷಯದಲ್ಲಿ ಏನು ಹೇಳುತ್ತಾರೆಂದು ಕೇಳುವ ಗೋಜಿಗೆ ಹೆಚ್ಚು ಜನ ಹೋಗಿರಲಿಲ್ಲ. ಹೆಣ್ಣಿಗೆ ನೆರವು ಸುರಕ್ಷಿತವಾಗಿ ತಲುಪಬೇಕೆನ್ನುವಾಗ, ನೆರವಿನಿಂದಲೇ ಅವಳನ್ನು ಕಾಪಾಡಬೇಕಾದ ಸಂದರ್ಭವೂ ಬರಬಹುದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ನನಗೆ ತಿಳಿಯದು.

ಕರ್ನಾಟಕಕ್ಕೆ ನಿರಾಶ್ರಿತರು ಹೊಸಬರಲ್ಲ. ಟಿಬೆಟ್ಟಿನಿಂದ ಬಂದವರಿಗೆ 1960ರ ದಶಕದ ಮೊದಲಲ್ಲಿ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುಭೂಮಿಯನ್ನು ಕೊಟ್ಟಿತು. ಮುಂದೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲಗಳ ಕಡೆಯೂ ನೆಲೆಗಳಾದವು. ಹಿಮದ ನಾಡಿನ ಹೆಂಗಸರು ಮಚ್ಚು ಹಿಡಿದು ಬಿದಿರು ಕಡಿದು ಮುಸುಕಿನ ಜೋಳ ಬೆಳೆದರು. ಛಳಿಗಾಲದಲ್ಲಿ ನಮ್ಮ ಪೇಟೆಗಳಿಗೆ ಬಂದು ಉಣ್ಣೆಯ ಅಂಗಿಗಳನ್ನು ಮಾರಿದರು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳು ಸಿಂಧನೂರಿನ ಕ್ಯಾಂಪುಗಳಲ್ಲಿವೆ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಂತೆ ಸಿಂಹಳದ ಚಹಾ ತೋಟಗಳಿಂದ ಮರಳಿಬಂದ ತಮಿಳರು ಸುಳ್ಯ, ಪುತ್ತೂರುಗಳ ರಬ್ಬರ್ ತೋಟಗಳಲ್ಲಿ ಹಾಲು ಇಳಿಸುತ್ತಾರೆ. ಇವರೆಲ್ಲರೂ ಗುಂಪಾಗಿ ಬಂದವರು, ಗುಂಪಾಗಿಯೇ ನೆಲೆಗೊಂಡವರು. ಗುಂಪಿನಲ್ಲಿ ಹೆಂಗಸಿಗೆ ಬಂಧನವೂ ಉಂಟು, ಕಾವಲೂ ಉಂಟು.

ನಗರದಲ್ಲಿ ಹಾಗಿಲ್ಲ. ಅಲ್ಲಿ ಶಿಬಿರವಿಲ್ಲ, ಬೇಲಿಯಿಲ್ಲ, ಪಡಿ ಹಂಚುವ ಗಂಟೆಯಿಲ್ಲ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಚೆಲುವಾದ ಹೆಸರುಗಳನ್ನು ಮೂರು ಇಂಗ್ಲಿಷ್ ಅಕ್ಷರಗಳಿಗೆ ಇಳಿಸಿ ಬಿಟಿಎಂ ಬಡಾವಣೆಯೆಂದು ಕರೆಯುತ್ತೇವಲ್ಲ, ಅಂಥಲ್ಲಿ ಮೂರನೆಯ ಮಹಡಿಯ ಮೇಲೆ ನೀರಿನ ತೊಟ್ಟಿಯ ಪಕ್ಕದ ಒಂದು ಕೋಣೆಯಲ್ಲಿ ಅವಳು ಇರುತ್ತಾಳೆ. 2021ರ ಆಗಸ್ಟಿನಲ್ಲಿ ಕಾಬೂಲು ತಾಲಿಬಾನರ ಕೈಗೆ ಹೋದಾಗ, ಓದಲೆಂದು ಕರ್ನಾಟಕಕ್ಕೆ ಬಂದಿದ್ದ ಆಫ್ಘನ್ ವಿದ್ಯಾರ್ಥಿನಿಯರಿಗೆ ಹಿಂದಿರುಗಲು ಊರೇ ಇಲ್ಲದಂತಾಯಿತು. 2023ರ ಮೇ ತಿಂಗಳಲ್ಲಿ ಮಣಿಪುರ ಹೊತ್ತಿಕೊಂಡಾಗ ಅಲ್ಲಿಂದ ಹೊರಬಿದ್ದ ಕೆಲವು ಕುಟುಂಬಗಳು, ಮೊದಲೇ ಇಲ್ಲಿ ದುಡಿಯುತ್ತಿದ್ದ ಮಗಳನ್ನೋ ತಂಗಿಯನ್ನೋ ನೆಚ್ಚಿ ಈ ನಗರಕ್ಕೆ ಬಂದವು. ಮಣಿಪುರದವರು ನಮ್ಮ ದೇಶದವರೇ. ಕಾನೂನಿನ ಭಾಷೆಯಲ್ಲಿ ನಿರಾಶ್ರಿತರಲ್ಲ. ಬರಗಾಲಕ್ಕೆ ರಾಯಚೂರು, ಯಾದಗಿರಿಗಳಿಂದ ಗುಳೆ ಬಂದು ಜೆ.ಪಿ. ನಗರದ ಆಚೆ ಕಟ್ಟಡದ ಕೆಲಸದ ಪಕ್ಕದಲ್ಲಿ ತಗಡಿನ ಶೆಡ್ಡುಗಳಲ್ಲಿ ಇರುವ ನಮ್ಮ ಹೆಣ್ಣುಮಕ್ಕಳಂತೂ ಕನ್ನಡಿಗರು. ಕಾನೂನು ಇವರನ್ನು ಬೇರೆ ಬೇರೆ ಕಡತಗಳಲ್ಲಿ ಇಡುತ್ತದೆ. ಕತ್ತಲಾದ ಮೇಲೆ ದೀಪವಿಲ್ಲದ ಬಯಲಿನಲ್ಲಿ ಶೌಚಕ್ಕೆ ಹೋಗಬೇಕಾದಾಗ ಕಡತದ ವ್ಯತ್ಯಾಸ ನಿಲ್ಲುವುದಿಲ್ಲ.

ವಿದೇಶದಿಂದ ಬಂದವಳ ಸ್ಥಿತಿಯಲ್ಲಿ ಒಂದು ವಿಶೇಷವಾದ ತೊಡಕಿದೆ. ನಿರಾಶ್ರಿತರನ್ನು ಕುರಿತ 1951ರ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನೂ ನಮ್ಮಲ್ಲಿಲ್ಲ. ಟಿಬೆಟ್ಟಿನವರನ್ನೂ ಶ್ರೀಲಂಕೆಯವರನ್ನೂ ಸರ್ಕಾರ ನೇರವಾಗಿ ನೋಡಿಕೊಳ್ಳುತ್ತದೆ. ಉಳಿದವರಿಗೆ ವಿಶ್ವಸಂಸ್ಥೆಯ ಕಚೇರಿ ಗುರುತಿನ ಚೀಟಿ ಕೊಡುತ್ತದೆ. ಆ ಚೀಟಿಯನ್ನು ಬ್ಯಾಂಕಿನವರು ನೋಡಿ ತಲೆ ಕೆರೆದುಕೊಳ್ಳುತ್ತಾರೆ. 1946ರ ವಿದೇಶೀಯರ ಕಾಯ್ದೆಯ ಸ್ಥಾನಕ್ಕೆ 2025ರಲ್ಲಿ ಹೊಸ ಕಾಯ್ದೆ ಬಂದಿದೆ. ವಿದೇಶೀಯರಿಗೆ ಬಾಡಿಗೆಗೆ ಸ್ಥಳ ಕೊಟ್ಟವರು ಸರ್ಕಾರಕ್ಕೆ ವಿವರ ಸಲ್ಲಿಸಬೇಕೆಂಬ ನಿಯಮ ಹಿಂದೆಯೂ ಇತ್ತು, ಈಗಲೂ ಇದೆ. ನಿಯಮದಲ್ಲಿ ತಪ್ಪಿಲ್ಲ. ಆದರೆ ಅದರ ರಗಳೆಗೆ ಹೆದರುವ ಮನೆಯೊಡೆಯರು ಮನೆ ಕೊಡುವುದಿಲ್ಲ. ಕೊಡಲು ಒಪ್ಪುವವನು ಒಬ್ಬನೇ ಸಿಕ್ಕಿದಾಗ ಅವನು ಹೇಳಿದ ಬಾಡಿಗೆಯೇ ಬಾಡಿಗೆ, ಅವನು ಬಂದು ಕದ ತಟ್ಟಿದ ಹೊತ್ತೇ ಹೊತ್ತು. ದೂರು ಕೊಡೋಣವೆಂದರೆ ಠಾಣೆಯಲ್ಲಿ ಮೊದಲು ಕೇಳುವುದು ಅವಳ ಕಾಗದಗಳನ್ನು. ಸೈರಂಧ್ರಿಯ ಇಕ್ಕಟ್ಟು ಇದೇ ಅಲ್ಲವೆ?

ಹಾಗಾದರೆ ಅವಳಿಗೆ ಕಾನೂನಿನ ಆಸರೆ ಇಲ್ಲವೆ? ಉಂಟು, ಆ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. 1998ರಲ್ಲಿ ಹೌರಾ ರೈಲು ನಿಲ್ದಾಣದಲ್ಲಿ ಬಾಂಗ್ಲಾದೇಶದ ಒಬ್ಬ ಮಹಿಳೆ ಮುಂದಿನ ಪ್ರಯಾಣಕ್ಕಾಗಿ ಕಾದಿದ್ದಾಗ, ಟಿಕೆಟ್ಟಿನ ವಿಷಯದಲ್ಲಿ ನೆರವಾಗುವ ನೆಪದಿಂದ ಬಂದವರು ಅವಳನ್ನು ರೈಲ್ವೆಯ ಯಾತ್ರಿ ನಿವಾಸಕ್ಕೆ ಕರೆದೊಯ್ದು ಅತ್ಯಾಚಾರ ಮಾಡಿದರು. ಅವರಲ್ಲಿ ರೈಲ್ವೆ ನೌಕರರೂ ಇದ್ದರು. ಕಲ್ಕತ್ತೆಯ ವಕೀಲೆ ಚಂದ್ರಿಮಾ ದಾಸ್ ಅವರು ನ್ಯಾಯಾಲಯಕ್ಕೆ ಹೋದರು. ಆಕೆ ವಿದೇಶೀಯಳು, ನಮ್ಮ ಸಂವಿಧಾನದ ಹಕ್ಕು ಆಕೆಗೆಲ್ಲಿಯದು ಎಂದು ರೈಲ್ವೆಯವರು ವಾದಿಸಿದರು. 2000ದ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ವಾದವನ್ನು ತಳ್ಳಿಹಾಕಿತು. 21ನೆಯ ಅನುಚ್ಛೇದ ನಾಗರಿಕ ಎನ್ನುವುದಿಲ್ಲ, ವ್ಯಕ್ತಿ ಎನ್ನುತ್ತದೆ. ಈ ನೆಲದ ಮೇಲೆ ಇರುವವರೆಗೆ ಆಕೆಯ ಜೀವಕ್ಕೂ ಮಾನಕ್ಕೂ ಇಲ್ಲಿನ ಸಂವಿಧಾನವೇ ಹೊಣೆ. ಹತ್ತು ಲಕ್ಷ ರೂಪಾಯಿಗಳ ಪರಿಹಾರವನ್ನು ನ್ಯಾಯಾಲಯ ಎತ್ತಿಹಿಡಿಯಿತು. ವ್ಯಕ್ತಿ ಎಂಬ ಒಂದು ಪದಕ್ಕೆ ಇಷ್ಟು ಬಲವಿದೆಯೆಂಬುದು ಪದಗಳೊಡನೆ ಬಾಳುವವರಿಗೆ ಸಂತೋಷ ಕೊಡುವ ಸಂಗತಿ.

ಇದೇ ರೀತಿ 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಉಚಿತ ಕಾನೂನು ನೆರವಿಗೆ ಹೆಂಗಸಾಗಿದ್ದರೆ ಸಾಕು. ವರಮಾನದ ಪ್ರಶ್ನೆಯನ್ನು ಆಕೆಗೆ ಹಾಕುವಂತಿಲ್ಲ. ರಾಜ್ಯ ಪ್ರಾಧಿಕಾರದ ಕಚೇರಿಯಾದ ನ್ಯಾಯದೇಗುಲ ಸಿದ್ಧಯ್ಯ ರಸ್ತೆಯಲ್ಲಿ, ಜಯನಗರಕ್ಕೆ ಅಷ್ಟೇನೂ ದೂರವಿಲ್ಲದೆ ಇದೆ. ಅತ್ಯಾಚಾರಕ್ಕೆ ಗುರಿಯಾದವಳಿಗೆ ಸರ್ಕಾರಿಯಾಗಲಿ ಖಾಸಗಿಯಾಗಲಿ ಯಾವ ಆಸ್ಪತ್ರೆಯೂ ಕೂಡಲೆ ಹಣ ಪಡೆಯದೆ ಚಿಕಿತ್ಸೆ ಕೊಡಬೇಕೆಂದು 2013ರಿಂದ ಕಾನೂನಿದೆ. ಕೊಡದಿದ್ದರೆ ಆಸ್ಪತ್ರೆಯವರಿಗೆ ಶಿಕ್ಷೆ. ಘಟನೆ ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಿಯಾದರೂ ದೂರನ್ನು ಬರೆದುಕೊಳ್ಳಬೇಕು. 2009ರ ಶಿಕ್ಷಣ ಹಕ್ಕಿನ ಕಾಯ್ದೆ ಆರರಿಂದ ಹದಿನಾಲ್ಕು ವರ್ಷದ ಪ್ರತಿಯೊಂದು ಮಗುವಿಗೂ ಎನ್ನುತ್ತದೆ. ನಾಗರಿಕರ ಮಗುವಿಗೆ ಎನ್ನುವುದಿಲ್ಲ. ಶಾಲೆಗೆ ಹೋಗುವ ಹುಡುಗಿ ದಿನಕ್ಕೆ ಆರು ಗಂಟೆ ಬಾಲ್ಯವಿವಾಹದ ದಲ್ಲಾಳಿಯ ಕಣ್ಣಿಗೆ ಬೀಳುವುದಿಲ್ಲವೆಂಬುದನ್ನೂ ಶಿಕ್ಷಣದ ಲಾಭಗಳಲ್ಲಿ ಸೇರಿಸಬಹುದು.

ಕಾನೂನು ಇದ್ದೂ ಅವಳು ಏಕೆ ಬರುವುದಿಲ್ಲ? ನನ್ನ ತಿಳಿವಳಿಕೆಯಲ್ಲಿ ಇದರ ಉತ್ತರ ಬಹುಪಾಲು ಭಾಷೆಯಲ್ಲಿದೆ. ಸಾಹಿತ್ಯವನ್ನು ಪ್ರೀತಿಸುವವರು ಇದನ್ನು ಬೇರೆಯವರಿಗಿಂತ ಬೇಗ ಗ್ರಹಿಸಬಲ್ಲರು. ಜಯನಗರದ ಸಾರ್ವಜನಿಕ ಆಸ್ಪತ್ರೆಯಂಥ ಒಂದು ಆಸ್ಪತ್ರೆಯ ಹೊರರೋಗಿ ವಿಭಾಗವನ್ನು ಕಲ್ಪಿಸಿಕೊಳ್ಳಿ. ಚೀಟಿಗಾಗಿ ಸಾಲು, ಚೀಟಿ ಹಿಡಿದು ಇನ್ನೊಂದು ಸಾಲು, ವೈದ್ಯರ ಮೇಜಿನ ಸುತ್ತ ಹತ್ತು ಜನ. ಪರದೇಶದ ಹೆಂಗಸಿಗೆ ಕನ್ನಡ ಬಾರದು. ಹಿಂದಿ ನಾಲ್ಕು ಮಾತು. ಅವಳ ಪರವಾಗಿ ಮಾತನಾಡುವವರು ಯಾರು? ಒಂದೋ ಗಂಡ, ಒಂದೋ ಮೈದುನ, ಇಲ್ಲವೆ ಮನೆಯನ್ನೂ ಕೆಲಸವನ್ನೂ ಕೊಡಿಸಿದ ಆ ಮಧ್ಯವರ್ತಿ. ಮೈಮೇಲಿನ ಬಾಸುಂಡೆ ಹೇಗೆ ಬಂತೆಂದು ವೈದ್ಯರು ಕೇಳುತ್ತಾರೆ. ಬಾಸುಂಡೆ ಬರಿಸಿದವನೇ ಅನುವಾದ ಮಾಡಿ, ಮೆಟ್ಟಿಲಿಂದ ಜಾರಿ ಬಿದ್ದಳು ಎನ್ನುತ್ತಾನೆ. ಅನುವಾದಕ ಮೂಲಕ್ಕೆ ನಿಷ್ಠನಾಗಿರಬೇಕೆ ಎಂಬ ಚರ್ಚೆಯನ್ನು ನಾವು ವಿಚಾರಗೋಷ್ಠಿಗಳಲ್ಲಿ ಬಹಳ ಮಾಡಿದ್ದೇವೆ. ಇಲ್ಲಿ ಅದು ಬಾಸುಂಡೆಯ ಪ್ರಶ್ನೆ.

ಗಂಡಸರು ಜೊತೆಗಿಲ್ಲದಿದ್ದರೆ ಮಕ್ಕಳು. ಮಕ್ಕಳಿಗೆ ಭಾಷೆ ಬೇಗ ಹತ್ತುತ್ತದೆ. ಶಾಲೆಗೆ ಹೋಗುವ ಹತ್ತು ವರ್ಷದ ಹುಡುಗಿ ಆರು ತಿಂಗಳಲ್ಲಿ ಕನ್ನಡವನ್ನು ಪಟಪಟನೆ ಆಡುತ್ತಾಳೆ. ಅಂದಿನಿಂದ ಅವಳೇ ಮನೆಯ ರಾಯಭಾರಿ: ಅಂಗಡಿಗೆ, ಮನೆಯೊಡೆಯನ ಬಳಿಗೆ, ಆಸ್ಪತ್ರೆಗೆ. ತಾಯಿಯ ಮುಟ್ಟಿನ ತೊಂದರೆಯನ್ನು, ಗರ್ಭ ಇಳಿದುದನ್ನು, ಗಡಿ ದಾಟುವಾಗ ನಡೆದ ಹೇಳಬಾರದ ಸಂಗತಿಯನ್ನು ಆ ಮಗು ಕೇಳಿಸಿಕೊಂಡು ಕನ್ನಡದಲ್ಲಿ ಹೇಳಬೇಕು. ತಾಯಿ ಆ ಮಗುವಿನ ಮುಖ ನೋಡಿ ನಿಜವನ್ನು ನುಂಗಿಕೊಳ್ಳುತ್ತಾಳೆ. ಹೊಟ್ಟೆನೋವು ಎನ್ನುತ್ತಾಳೆ, ತಲೆನೋವು ಎನ್ನುತ್ತಾಳೆ. ಗುಳಿಗೆ ಸಿಗುತ್ತದೆ. ಹೊಸೂರು ರಸ್ತೆಯಲ್ಲಿ 1974ರಿಂದ ದೇಶಕ್ಕೇ ಹೆಸರಾದ ನಿಮ್ಹಾನ್ಸ್ ಇದೆ; ಮನಸ್ಸಿನ ನೋವಿಗೆ ಮದ್ದು ಕೊಡುವವರು ಇಷ್ಟು ಹತ್ತಿರದಲ್ಲಿದ್ದರೂ ಅಲ್ಲಿಯವರೆಗೆ ಹೋಗಲು ಮೊದಲು ಆ ನೋವಿಗೆ ಒಂದು ವಾಕ್ಯ ಬೇಕು.

ನಾವು ಒಳ್ಳೆಯದನ್ನು ಮಾಡಿಲ್ಲವೆಂದಲ್ಲ. 2017ರ ಆಗಸ್ಟಿನಲ್ಲಿ ಮೊದಲ ಇಂದಿರಾ ಕ್ಯಾಂಟೀನು ಜಯನಗರದ ಕನಕನಪಾಳ್ಯದಲ್ಲಿ ಆರಂಭವಾದಾಗ ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ. ಅದರ ದೊಡ್ಡ ಗುಣ ಬೆಲೆಯಲ್ಲ. ಕಿಟಕಿಯಲ್ಲಿ ಯಾರೂ ಚೀಟಿ ಕೇಳುವುದಿಲ್ಲ, ಊರು ಕೇಳುವುದಿಲ್ಲ, ಹೆಸರನ್ನು ಕೂಡ ಕೇಳುವುದಿಲ್ಲ. ಹೆಸರು ಕೇಳದೆ ಅನ್ನ ಇಕ್ಕುವುದು ನಮ್ಮ ಶರಣರ ದಾಸೋಹದ ಕಾಲದಿಂದ ಬಂದ ನಡತೆ. ಆದರೆ ಆ ಸಾಲನ್ನು ಸ್ವಲ್ಪ ಹೊತ್ತು ನಿಂತು ನೋಡಿ. ಆಟೋ ಓಡಿಸುವವರು, ಕಟ್ಟಡದ ಕೆಲಸದವರು, ಕಾವಲುಗಾರರು, ಹೆಂಗಸರು ಕಡಿಮೆ. ಬಾಗಿಲು ತೆರೆದಿಟ್ಟಮಾತ್ರಕ್ಕೆ ಅವಳು ಬರುವುದಿಲ್ಲ. ಗಂಡಸರ ಸಾಲಿನಲ್ಲಿ ನಿಂತು, ಗಂಡಸರ ನಡುವೆ ನಿಂತೇ ಉಣ್ಣುವುದು ಅವಳಿಗೆ ಒಗ್ಗದು. ತದ್ವಿರುದ್ಧವಾದ ಉದಾಹರಣೆ 2023ರ ಜೂನಿನಲ್ಲಿ ಬಂದ ಶಕ್ತಿ ಯೋಜನೆಯದು. ಬನಶಂಕರಿಯ ಬಸ್ ನಿಲ್ದಾಣಕ್ಕೆ ಅದು ಹೆಂಗಸರನ್ನು ಹಿಂಡುಹಿಂಡಾಗಿ ಕರೆತಂದಿತು. ಅಲ್ಲಿ ಹೆಂಗಸಿಗೆ ಜಾಗವಿದೆ, ಆದರೆ ಕರ್ನಾಟಕದ ವಿಳಾಸವುಳ್ಳ ಗುರುತಿನ ಚೀಟಿ ಬೇಕು. ಮಣಿಪುರದಿಂದ ಬಂದವಳು ಟಿಕೆಟು ಕೊಳ್ಳಬೇಕು. ತೆರಿಗೆ ಕೊಡುವ ರಾಜ್ಯ ತನ್ನವರಿಗೆಂದು ಮಾಡಿದ ಏರ್ಪಾಡಿನಲ್ಲಿ ಅನ್ಯಾಯವಿದೆ ಎನ್ನಲಾರೆ. ಆಸ್ಪತ್ರೆಗೋ ಕಾನೂನು ನೆರವಿಗೋ ಹೋಗಬೇಕಾದವಳ ಬಸ್ಸಿನ ಖರ್ಚನ್ನು ನೆರವಿನ ಲೆಕ್ಕದಲ್ಲಿಯೇ ಸೇರಿಸಬೇಕು ಎಂಬುದಷ್ಟೇ ನನ್ನ ಅಭಿಪ್ರಾಯ.

ಚೀಟಿಯ ಮಾತು ಬಂದುದರಿಂದ ಹೇಳುತ್ತೇನೆ. ಎಷ್ಟೋ ದೇಶಗಳಲ್ಲಿ ನಿರಾಶ್ರಿತ ಕುಟುಂಬದ ಚೀಟಿಯನ್ನು ಗಂಡಸಿನ ಹೆಸರಿಗೇ ಬರೆಯುತ್ತಿದ್ದರು. ಅವನು ಬಿಟ್ಟುಹೋದರೆ, ಇನ್ನೊಂದು ಮದುವೆಯಾದರೆ, ಪಡಿಯೂ ಅವನ ಹಿಂದೆಯೇ ಹೋಗುತ್ತಿತ್ತು. ಹೊಡೆಯುವ ಗಂಡನನ್ನು ಬಿಟ್ಟು ಬರುವುದೆಂದರೆ ಚೀಟಿಯನ್ನು ಬಿಟ್ಟುಬಂದಂತೆ. ವಿಶ್ವಸಂಸ್ಥೆಯ ಕಚೇರಿ 1991ರಲ್ಲಿ ನಿರಾಶ್ರಿತ ಮಹಿಳೆಯರ ರಕ್ಷಣೆಗೆಂದೇ ಮಾರ್ಗಸೂಚಿಗಳನ್ನು ಹೊರತಂದಿತು. ಪ್ರತಿ ಹೆಂಗಸನ್ನೂ ಪ್ರತ್ಯೇಕವಾಗಿ, ಹೆಂಗಸರೇ ಕುಳಿತು ವಿಚಾರಿಸಿ, ಅವಳ ಹೆಸರಿನಲ್ಲಿಯೇ ನೋಂದಾಯಿಸಬೇಕೆಂಬ ತಿಳಿವಳಿಕೆ ಕ್ರಮೇಣ ನೆಲೆಯೂರಿತು. ಆಕೆ ಏನು ಹೇಳಿದಳೆಂಬುದು ಆಕೆಯ ಮನೆಯವರಿಗೂ ತಿಳಿಯಕೂಡದು. ದ್ರೌಪದಿಗೆ ಅಂತಃಪುರದಲ್ಲಿ ಅಂಥ ಒಂದು ಕೋಣೆ ಇದ್ದಿದ್ದರೆ!

ಬೇಕಾಗಿರುವುದು ಹೆಚ್ಚೇನಲ್ಲ. ನಮ್ಮ ಬಡಾವಣೆಗಳಲ್ಲಿ ಮನೆಮನೆಯನ್ನು ಬಲ್ಲವರು ಅಂಗನವಾಡಿಯ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು. ನೀರಿನ ತೊಟ್ಟಿಯ ಪಕ್ಕದ ಕೋಣೆಗೂ ತಗಡಿನ ಶೆಡ್ಡಿಗೂ ಕಾಲಿಡುವವರು ಅವರೇ. ಬಸುರಿಯನ್ನೂ ಬಾಣಂತಿಯನ್ನೂ ವಿಚಾರಿಸುವ ನೆಪದಲ್ಲಿ ಗಂಡಸರ ಅನುಮಾನವಿಲ್ಲದೆ ಒಳಗೆ ಹೋಗಬಲ್ಲವರು. ಯಾವ ಹೆಂಗಸನ್ನು ಯಾವ ಬಾಗಿಲಿಗೆ ಕಳುಹಿಸಬೇಕೆಂಬುದನ್ನು ಅವರಿಗೆ ತಿಳಿಸಿ, ಆ ಕೆಲಸಕ್ಕೆ ಗೌರವಧನವನ್ನೂ ಕೊಟ್ಟರೆ ಅರ್ಧ ದಾರಿ ನಡೆದಂತೆ. ಇನ್ನುಳಿದ ಅರ್ಧಕ್ಕೆ ದುಭಾಷಿಗಳು ಬೇಕು; ಹೆಂಗಸರೇ ಆಗಿರಬೇಕು; ಆ ಕುಟುಂಬದ ನೆಂಟರಾಗಿರಬಾರದು. ಇಂಥವರು ಈ ನಗರದಲ್ಲಿಯೇ ಇದ್ದಾರೆ. ಬೈಲಕುಪ್ಪೆಯ, ಮುಂಡಗೋಡಿನ ಟಿಬೆಟ್ಟಿನ ಹುಡುಗಿಯರು ಶುಶ್ರೂಷೆಯನ್ನು ಕಲಿತು ನಮ್ಮ ಆಸ್ಪತ್ರೆಗಳಲ್ಲಿ ದಾದಿಯರಾಗಿ ದುಡಿಯುತ್ತಿದ್ದಾರೆ. ಅವರಲ್ಲಿ ಕನ್ನಡವನ್ನು ನಮ್ಮಂತೆಯೇ ಆಡುವವರಿದ್ದಾರೆ. ಪಾರ್ಸಿ ಭಾಷೆ ಬಲ್ಲವರು, ಮೈತೇಯಿ, ಕುಕಿ ನುಡಿಗಳನ್ನು ಬಲ್ಲವರು ಕಾಲೇಜುಗಳಲ್ಲಿದ್ದಾರೆ. ಅವರ ಹೆಸರುಗಳ ಒಂದು ಪಟ್ಟಿ, ಗಂಟೆಗಿಷ್ಟು ಎಂದು ಸಂಭಾವನೆ, ಕೇಳಿದ್ದನ್ನು ಹೊರಗೆ ಹೇಳುವುದಿಲ್ಲವೆಂಬ ಲಿಖಿತ ಪ್ರಮಾಣ. ಎದುರಿಗೆ ಬರಲಾಗದಿದ್ದರೆ ದೂರವಾಣಿಯಲ್ಲಿ ಮಾತನಾಡಿದರೂ ಆಯಿತು. ಮುಖ ಕಾಣದಿರುವುದೇ ಎಷ್ಟೋ ಸಲ ಮೇಲು.

ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ, ಹೆಂಗಸರ ಶೌಚಾಲಯದ ಒಳಗೋಡೆಯ ಮೇಲೆ ಒಂದು ಕಾಗದವನ್ನು ಅಂಟಿಸಬೇಕೆಂಬುದು ನನ್ನ ಸೂಚನೆ. ಒಳಗೋಡೆ ಏಕೆಂದರೆ, ಜೊತೆಗೆ ಬಂದ ಗಂಡಸು ಕಾಲಿಡದ ಸ್ಥಳ ಆ ಕಟ್ಟಡದಲ್ಲಿ ಅದೊಂದೇ. ಕನ್ನಡದಲ್ಲಿ, ಉರ್ದುವಿನಲ್ಲಿ, ಪಾರ್ಸಿಯಲ್ಲಿ, ಬಂಗಾಳಿಯಲ್ಲಿ, ಟಿಬೆಟ್ಟಿನ ಭಾಷೆಯಲ್ಲಿ, ಓದು ಬಾರದವರಿಗೆ ಚಿತ್ರದಲ್ಲಿ. ಮಹಿಳೆಯರ ಸಹಾಯವಾಣಿ 181, ಮಕ್ಕಳದು 1098, ತುರ್ತಿಗೆ 112, ಉಚಿತ ಕಾನೂನು ನೆರವಿಗೆ 15100. ಅದರ ಕೆಳಗೆ ಮೂರು ವಾಕ್ಯ: ನಿಮ್ಮ ಜೊತೆ ಬಂದವರನ್ನು ಹೊರಗೆ ಕೂರಿಸಿ ನೀವು ಒಬ್ಬರೇ ವೈದ್ಯರೊಡನೆ ಮಾತನಾಡಬಹುದು. ನಿಮ್ಮ ಭಾಷೆ ಬಲ್ಲ ಹೆಂಗಸನ್ನು ಕರೆಸುತ್ತೇವೆ. ಚಿಕಿತ್ಸೆಗೆ ಮೊದಲು ನಿಮ್ಮ ಕಾಗದಗಳನ್ನು ಕೇಳುವುದಿಲ್ಲ.